ಡ್ರೈ ವೇಟ್: ಡಯಾಲಿಸಿಸ್ ಚೀಟಿಯಲ್ಲಿ ಮೊದಲು ಅರ್ಥವಾಗಬೇಕಾದ ಪದ

ಡಯಾಲಿಸಿಸ್ ಮಾಡಿಸಿಕೊಳ್ಳುವವರ ಫೈಲು ಬಿಡಿಸಿದರೆ ಕ್ರಿಯಾಟಿನಿನ್ ಸಂಖ್ಯೆಗೆ ಪೆನ್ನಿನಲ್ಲಿ ಸುತ್ತು ಹಾಕಿರುತ್ತದೆ. ಮನೆಯವರು ಕೇಳುವುದೂ ಅದನ್ನೇ: ‘ಈಗ ಎಷ್ಟಕ್ಕೆ ಬಂದಿದೆ ಡಾಕ್ಟ್ರೇ?’

ಕ್ರಿಯಾಟಿನಿನ್ ಸ್ನಾಯುಗಳಲ್ಲಿ ಹುಟ್ಟುವ ಕಸ. ಕಿಡ್ನಿ ಎಷ್ಟು ಉಳಿದಿದೆ ಎಂದು ಅಂದಾಜು ಮಾಡಲು ಅದು ಬೇಕು. ವಯಸ್ಸು, ಲಿಂಗ ಸೇರಿಸಿ ಲೆಕ್ಕ ಹಾಕಿದಾಗ ಬರುವುದೇ ಇಜಿಎಫ್‌ಆರ್, ಅಂದರೆ ಕಿಡ್ನಿ ರಕ್ತ ಸೋಸುವ ವೇಗದ ಅಂದಾಜು. ಅದು 15ಕ್ಕಿಂತ ಕೆಳಗಿದ್ದರೆ ಕಿಡ್ನಿ ಕಾಯಿಲೆಯ ಐದನೇ, ಅಂದರೆ ಕೊನೆಯ ಹಂತ. ಡಯಾಲಿಸಿಸ್ ಶುರುವಾದ ಮೇಲೆ ಮಾತು ಬೇರೆ. ಯಂತ್ರ ನಾಲ್ಕು ಗಂಟೆ ರಕ್ತ ತೊಳೆದಾಗ ಕ್ರಿಯಾಟಿನಿನ್ 9 ಇದ್ದದ್ದು 4ಕ್ಕೆ ಇಳಿಯಬಹುದು, ಎರಡು ದಿನದಲ್ಲಿ ಮತ್ತೆ ಏರುತ್ತದೆ. ಇಳಿದದ್ದು ಯಂತ್ರದ ಕೆಲಸ, ಕಿಡ್ನಿಯದಲ್ಲ. ಇದನ್ನು ತಪ್ಪಾಗಿ ತಿಳಿದು ಮುಂದಿನ ಸರದಿ ಬಿಡುವುದು ಜೀವಕ್ಕೇ ಅಪಾಯ.

ದಿನನಿತ್ಯ ಕೈಯಲ್ಲಿ ಹಿಡಿಯಬೇಕಾದ ಪದ ಡ್ರೈ ವೇಟ್. ಮೈಯಲ್ಲಿ ಹೆಚ್ಚುವರಿ ನೀರಿಲ್ಲದೆ, ಬಿಪಿ ಹದದಲ್ಲಿದ್ದು, ಊತವಾಗಲಿ ಏದುಸಿರಾಗಲಿ ಇಲ್ಲದಿರುವಾಗಿನ ತೂಕ ಅದು. ಒಂದು ಲೀಟರ್ ನೀರು ಒಂದು ಕಿಲೋ. ಡ್ರೈ ವೇಟ್ 50 ಇರುವವರು 52 ಕಿಲೋ ಬಂದರೆ ತೆಗೆಯಬೇಕಾದ್ದು ಎರಡು ಲೀಟರ್. ಇದನ್ನೇ ಸಿಬ್ಬಂದಿ ‘ಯುಎಫ್ ಎರಡು ಇಟ್ಟಿದ್ದೇವೆ’ ಎನ್ನುತ್ತಾರೆ; ಯುಎಫ್ (ಅಲ್ಟ್ರಾಫಿಲ್ಟ್ರೇಶನ್) ಎಂದರೆ ಯಂತ್ರ ತೆಗೆಯುವ ನೀರು. ಡಯಾಲಿಸಿಸ್ ನಡುವೆ ತಿಂದ ಇಡ್ಲಿ, ಕುಡಿದ ಕಾಫಿ, ಕೊನೆಯಲ್ಲಿ ಕೊಳವೆಯ ರಕ್ತವನ್ನು ಮೈಗೆ ಮರಳಿಸಲು ಬಿಡುವ ಸಲೈನ್ ಕೂಡ ಈ ಲೆಕ್ಕಕ್ಕೆ ಸೇರುತ್ತವೆ.

ಯಂತ್ರ ನೀರನ್ನು ಎಳೆಯುವುದು ರಕ್ತದಿಂದ. ಕಾಲಿನ ಊತದಲ್ಲಿರುವ ನೀರು ರಕ್ತಕ್ಕೆ ಮರಳುವುದು ನಿಧಾನ. ಹಾಗಾಗಿ ಒಂದು ಕಿಲೋ ತೂಕಕ್ಕೆ ಗಂಟೆಗೆ 13 ಮಿಲಿ ದಾಟದಂತೆ ನೋಡಿಕೊಳ್ಳುವುದು ಒಳ್ಳೆಯದು. 50 ಕಿಲೋದವರಿಗೆ ಇದು ಗಂಟೆಗೆ 650 ಮಿಲಿ, ನಾಲ್ಕು ಗಂಟೆಗೆ 2.6 ಲೀಟರ್. ನಾಲ್ಕು ಕಿಲೋ ಏರಿಸಿಕೊಂಡು ಬಂದು ‘ಇವತ್ತೇ ಎಲ್ಲ ತೆಗೆದುಬಿಡಿ’ ಎಂದರೆ ಆಗುವುದು ಆಕಳಿಕೆ, ಬೆವರು, ಮೀನಖಂಡದ ಸೆಳೆತ, ದಿಢೀರ್ ಬಿಪಿ ಕುಸಿತ. ಹೃದಯಕ್ಕೂ ಪೆಟ್ಟು.

ಡ್ರೈ ವೇಟ್ ಸ್ಥಿರವಲ್ಲ ಎಂಬುದನ್ನು ಹಲವರು ಮರೆಯುತ್ತಾರೆ, ಕೆಲವೊಮ್ಮೆ ವೈದ್ಯರಾದ ನಾವೂ. ಜ್ವರ ಬಂದು ಊಟ ಸೇರದೆ ಎರಡು ಕಿಲೋ ಮಾಂಸ ಕರಗಿತೆನ್ನಿ. ತಕ್ಕಡಿ ಹಳೆಯ 50 ತೋರಿಸಿದರೂ ಅದರೊಳಗೆ ಎರಡು ಲೀಟರ್ ನೀರು ಅಡಗಿದೆ. ರಾತ್ರಿ ಅಂಗಾತ ಮಲಗಲಾಗದೆ ಎದ್ದು ಕೂರುವುದು ಇದರ ಗುರುತು. ತಿರುಗಾಮುರುಗಾ, ಹಸಿವು ಮರಳಿ ಮೈ ತುಂಬಿಕೊಂಡಿದ್ದರೆ ಹಳೆಯ ತೂಕಕ್ಕೇ ಎಳೆದಾಗ ಪ್ರತಿ ಸಲ ಸೆಳೆತ, ಮನೆಗೆ ಬಂದ ಮೇಲೂ ವಿಪರೀತ ಸುಸ್ತು. ಇವೆರಡರಲ್ಲಿ ಯಾವುದು ಕಂಡರೂ ‘ನನ್ನ ಡ್ರೈ ವೇಟ್ ಮತ್ತೆ ನೋಡಿ’ ಎಂದು ಬಾಯಿಬಿಟ್ಟು ಕೇಳಿ. ತೂಕ ನೋಡುವಾಗ ಅದೇ ತಕ್ಕಡಿ, ಚಪ್ಪಲಿ ಬಿಟ್ಟು, ಆದಷ್ಟೂ ಒಂದೇ ಬಗೆಯ ಬಟ್ಟೆಯಲ್ಲಿ.

ತೂಕ ಏರಿಸುವ ಮೂಲ ನೀರಿಗಿಂತ ಉಪ್ಪು. ಸುಮಾರು 8 ಗ್ರಾಂ ಉಪ್ಪು ಮೈಯಲ್ಲಿ ಒಂದು ಲೀಟರ್ ನೀರು ಹಿಡಿದಿಡುತ್ತದೆ, ಬಾಯಾರಿಕೆಯನ್ನೂ ಹುಟ್ಟಿಸುತ್ತದೆ. ದಿನಕ್ಕೆ 5 ಗ್ರಾಂ, ಅಂದರೆ ಒಂದು ಟೀ ಚಮಚ, ಮಿತಿ. ಉಪ್ಪಿನಕಾಯಿ, ಹಪ್ಪಳ ಬಿಡದೆ ಲೋಟದ ನೀರನ್ನಷ್ಟೇ ಅಳೆದರೆ ಗೆಲ್ಲುವುದು ಕಷ್ಟ. ಅಂಗಡಿಯ ‘ಲೋ ಸೋಡಿಯಂ’ ಉಪ್ಪು ತರಬೇಡಿ: ಅದರಲ್ಲಿ ಸೋಡಿಯಂ ಬದಲು ಪೊಟ್ಯಾಸಿಯಂ ಸೇರಿಸಿರುತ್ತಾರೆ. ಬೆಂಗಳೂರಿನ ಬೇಸಿಗೆಯಲ್ಲಿ ಮೂಲೆಮೂಲೆಗೂ ಸಿಗುವ ಎಳನೀರಿನಲ್ಲೂ ಪೊಟ್ಯಾಸಿಯಂ ಹೇರಳ. ಪೊಟ್ಯಾಸಿಯಂ ರಕ್ತದಲ್ಲಿ ಲೀಟರಿಗೆ 6 ಮಿಲಿಮೋಲ್ ದಾಟಿದರೆ ಮುನ್ಸೂಚನೆಯಿಲ್ಲದೆ ಹೃದಯದ ಲಯ ತಪ್ಪಬಹುದು.

ಫಿಸ್ಟುಲಾ ಎಂದರೆ ಡಯಾಲಿಸಿಸ್ ಸೂಜಿ ಚುಚ್ಚಲೆಂದು ಕೈಯಲ್ಲಿ ಅಪಧಮನಿಗೆ ಅಭಿಧಮನಿ ಜೋಡಿಸಿದ ಜಾಗ. ಬೆಳಿಗ್ಗೆ ಎದ್ದ ಕೂಡಲೇ ಮುಟ್ಟಿ ನೋಡಿ, ಗುರ್ ಎಂಬ ಕಂಪನ ಬೆರಳಿಗೆ ತಾಗಬೇಕು. ತಾಗದಿದ್ದರೆ ಅಂದೇ ಆಸ್ಪತ್ರೆಗೆ ಬನ್ನಿ. ಹೆಪ್ಪುಗಟ್ಟಿದ ರಕ್ತ ತೆಗೆಯಲು ಕಾಲಾವಕಾಶ ಕಡಿಮೆ. ಆ ಕೈಗೆ ಬಿಪಿ ಪಟ್ಟಿ, ಡಯಾಲಿಸಿಸ್ ಬಿಟ್ಟು ಬೇರೆ ಸೂಜಿ, ಬಿಗಿ ಬಳೆ ಯಾವುದೂ ಬೇಡ.

ಹಬ್ಬಕ್ಕೆ ಊರಿಗೆ ಹೋಗಿ ಅಲ್ಲಿಯ ಆಸ್ಪತ್ರೆಯಲ್ಲಿ ಡಯಾಲಿಸಿಸ್ ಮಾಡಿಸುವುದಿದ್ದರೆ ಒಂದು ಚೀಟಿ ಬರೆಸಿಕೊಳ್ಳಿ: ಡ್ರೈ ವೇಟ್, ಅದನ್ನು ನಿಗದಿ ಮಾಡಿದ ತಾರೀಕು, ಹಿಂದಿನ ಮೂರು ಸಲದ ಯುಎಫ್, ಹೆಪಾರಿನ್ (ರಕ್ತ ಹೆಪ್ಪುಗಟ್ಟದಂತೆ ಕೊಡುವ ಔಷಧ) ಪ್ರಮಾಣ, ಫಿಸ್ಟುಲಾ ಇರುವ ಕೈ. ಜೊತೆಗೆ ಹೆಪಟೈಟಿಸ್ ಬಿ, ಸಿ ಮತ್ತು ಎಚ್‌ಐವಿ ವರದಿ ಇರಲಿ; ಯಾವ ಯಂತ್ರಕ್ಕೆ ಹಾಕಬೇಕೆಂದು ಅಲ್ಲಿಯವರು ತೀರ್ಮಾನಿಸುವುದು ಅದನ್ನು ನೋಡಿಯೇ.