ರಿದಮ್ ಸೆಕ್ಷನ್: ಜಾಝ್‌ನಲ್ಲಿ ಹಿಂದೆ ಕೂತವರ ಕೆಲಸ

ಜಾಝ್ ಅಂದರೆ ಲೂಯಿ ಆರ್ಮ್‌ಸ್ಟ್ರಾಂಗ್‌ನ ಟ್ರಂಪೆಟ್, ಚಾರ್ಲಿ ಪಾರ್ಕರ್‌ನ ಆಲ್ಟೊ ಸ್ಯಾಕ್ಸೊಫೋನ್ ನೆನಪಾಗುತ್ತವೆ. ಫೋಟೋಗಳಲ್ಲೂ ಮುಂದೆ ನಿಂತವರು ಅವರೇ ಅಲ್ವಾ? ಅವರ ಹಿಂದೆ ಪಿಯಾನೊ, ಬಾಸ್ (ತಗ್ಗು ಸ್ವರದ ದೊಡ್ಡ ತಂತಿವಾದ್ಯ), ಡ್ರಮ್ಸ್, ಕೆಲವು ಸಲ ಗಿಟಾರ್ ಇರುತ್ತವೆ. ಈ ಗುಂಪಿಗೇ ರಿದಮ್ ಸೆಕ್ಷನ್ ಎಂದು ಹೆಸರು.

ನಮ್ಮ ಕಛೇರಿಯ ಪಕ್ಕವಾದ್ಯದ ಹಾಗೆ ಎನ್ನಬಹುದು, ಆದರೆ ಪೂರ್ತಿ ಹಾಗಲ್ಲ. ಪಿಟೀಲಿನವರು ಹಾಡುವವರ ಬೆನ್ನು ಹಿಡಿದು ಹೋಗುತ್ತಾರೆ. ಇಲ್ಲಿ ಬಾಸ್, ಪಿಯಾನೊ ಸೇರಿ ಹಾಡಿನ ಕಾರ್ಡ್‌ಗಳನ್ನು, ಅಂದರೆ ಒಟ್ಟಿಗೆ ನುಡಿಯುವ ಸ್ವರಗಳ ಗುಂಪುಗಳನ್ನು, ಒಂದು ಸುತ್ತು ಮುಗಿದ ಮೇಲೆ ಇನ್ನೊಂದು ಸುತ್ತು ನುಡಿಸುತ್ತಲೇ ಇರುತ್ತವೆ. ಸೋಲೊ ನುಡಿಸುವವನು ಆ ಸುತ್ತಿನೊಳಗೇ ತನ್ನ ದಾರಿ ಹುಡುಕಿಕೊಳ್ಳಬೇಕು.

ಇದಕ್ಕೆ ನನ್ನ ಮಟ್ಟಿಗೆ ಒಳ್ಳೆಯ ಉದಾಹರಣೆ 1930ರ ದಶಕದ ಕೊನೆಯ ಕೌಂಟ್ ಬೇಸಿ ಬ್ಯಾಂಡ್. ಕ್ಯಾನ್ಸಸ್ ಸಿಟಿಯಲ್ಲಿ ಬೆಳೆದ ತಂಡ ಅದು. ಪಿಯಾನೊ ಬೇಸಿಯದು, ಬಾಸ್ ವಾಲ್ಟರ್ ಪೇಜ್‌ನದು, ಡ್ರಮ್ಸ್ ಜೋ ಜೋನ್ಸ್‌ನದು, ಗಿಟಾರ್ ಫ್ರೆಡ್ಡಿ ಗ್ರೀನ್‌ನದು. ಪೇಜ್ ತಾಳದ ನಾಲ್ಕೂ ಪೆಟ್ಟಿಗೆ ಒಂದೊಂದು ಸ್ವರ ಮೀಟುತ್ತಾ ಹೋಗುತ್ತಿದ್ದ. ಇದನ್ನು ವಾಕಿಂಗ್ ಬಾಸ್ ಎನ್ನುತ್ತಾರೆ. ತಳ ಇಷ್ಟು ಗಟ್ಟಿಯಾದ ಮೇಲೆ ಬೇಸಿಯ ಎಡಗೈಗೆ ಬಿಡುವು ಸಿಕ್ಕಿತು. ಬೇಕಾದಲ್ಲಿ ಎರಡೇ ಸ್ವರ ಒತ್ತಿ ಸುಮ್ನೆ ಇದ್ದುಬಿಡುತ್ತಿದ್ದ! ಜೋನ್ಸ್ ತಾಳವನ್ನು ಕಾಲಿನ ದೊಡ್ಡ ಡ್ರಮ್ಮಿನಿಂದ ಹೈ-ಹ್ಯಾಟ್ ಎಂಬ ಜೋಡಿ ಲೋಹದ ತಟ್ಟೆಗಳಿಗೆ ಸಾಗಿಸಿದ. ಇಡೀ ಬ್ಯಾಂಡ್ ಹಗುರಾಯಿತು.

ಗ್ರೀನ್‌ನ ಕಥೆಯೇ ಬೇರೆ. 1937ರಲ್ಲಿ ಸೇರಿದವನು 1987ರಲ್ಲಿ ತೀರಿಕೊಳ್ಳುವವರೆಗೂ ಅದೇ ಬ್ಯಾಂಡಿನಲ್ಲಿದ್ದ. ಬೇಸಿ ತೀರಿಹೋದ ಮೇಲೂ ಬಿಡಲಿಲ್ಲ. ಸೋಲೊ ನುಡಿಸಿದ್ದು ತೀರಾ ಅಪರೂಪ. ಆಂಪ್ಲಿಫೈಯರ್ ಇಲ್ಲದ ಗಿಟಾರಿನಲ್ಲಿ ಪ್ರತಿ ಪೆಟ್ಟಿಗೂ ಒಂದು ಕಾರ್ಡ್, ಅಷ್ಟೇ. ರೆಕಾರ್ಡಿಂಗ್‌ನಲ್ಲಿ ಅವನನ್ನು ಕೇಳಿಸಿಕೊಳ್ಳಲು ಕಿವಿಗೊಟ್ಟು ಕೂರಬೇಕು.

1940ರ ದಶಕದಲ್ಲಿ, ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿದ್ದ ಮಿಂಟನ್ಸ್ ಕ್ಲಬ್ಬಿನ ಕಾಲಕ್ಕೆ, ಡ್ರಮ್ಮರ್ ಕೆನ್ನಿ ಕ್ಲಾರ್ಕ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದ. ತಾಳವೆಲ್ಲ ರೈಡ್ ಸಿಂಬಲ್ ಎಂಬ ದೊಡ್ಡ ಲೋಹದ ತಟ್ಟೆಯ ಮೇಲೆ. ದೊಡ್ಡ ಡ್ರಮ್ ಮಾತ್ರ ಅನಿರೀಕ್ಷಿತ ಜಾಗದಲ್ಲಿ ಢಂ ಎನ್ನುತ್ತಿತ್ತು. ಇದಕ್ಕೆ ‘ಬಾಂಬ್ ಹಾಕೋದು’ ಎಂದೇ ಹೆಸರು ಬಿತ್ತು. ಪಿಯಾನೊದವರೂ ಒಂದೇ ಸಮ ಬಡಿಯುವುದನ್ನು ಬಿಟ್ಟು, ಸೋಲೊಗೆ ಉತ್ತರ ಕೊಡುವಂತೆ ಅಲ್ಲಲ್ಲಿ ಕಾರ್ಡ್ ಇಡತೊಡಗಿದರು. ಅದೇ ಕಾಂಪಿಂಗ್.

ಪಿಯಾನಿಸ್ಟ್ ಬಿಲ್ ಇವಾನ್ಸ್‌ನ ಟ್ರಿಯೊ (ಮೂವರ ತಂಡ) 1961ರ ಜೂನ್‌ನಲ್ಲಿ ನ್ಯೂಯಾರ್ಕಿನ ವಿಲೇಜ್ ವ್ಯಾನ್‌ಗಾರ್ಡ್ ಕ್ಲಬ್ಬಿನಲ್ಲಿ ನುಡಿಸಿದ್ದನ್ನು ಕೇಳಿದರೆ ಮುಂದೆ ಯಾರು, ಹಿಂದೆ ಯಾರು ಎಂದು ಹೇಳುವುದೇ ಕಷ್ಟ. ಸ್ಕಾಟ್ ಲಫಾರೊನ ಬಾಸ್ ಪಿಯಾನೊ ಜೊತೆ ಸರಿಸಮವಾಗಿ ಮಾತಾಡುತ್ತದೆ. ಡ್ರಮ್ಸ್‌ನಲ್ಲಿ ಪಾಲ್ ಮೋಶನ್.

ಇಷ್ಟೂ ವಾದ್ಯ ಇರಲೇಬೇಕು ಎಂದೇನಿಲ್ಲ. ಬ್ಯಾರಿಟೋನ್ ಸ್ಯಾಕ್ಸೊಫೋನಿನ ಜೆರಿ ಮಲಿಗನ್ 1952ರಲ್ಲಿ ಟ್ರಂಪೆಟ್‌ನ ಚೆಟ್ ಬೇಕರ್ ಜೊತೆ ಕಟ್ಟಿದ ತಂಡದಲ್ಲಿ ಪಿಯಾನೊ ಇರಲಿಲ್ಲ. 1935ರ ಬೆನ್ನಿ ಗುಡ್‌ಮನ್ ಟ್ರಿಯೊದಲ್ಲಿ ಬಾಸ್ ಇರಲಿಲ್ಲ. ಗುಡ್‌ಮನ್‌ನ ಕ್ಲಾರಿನೆಟ್, ಜೀನ್ ಕ್ರೂಪಾನ ಡ್ರಮ್ಸ್, ಟೆಡ್ಡಿ ವಿಲ್ಸನ್‌ನ ಪಿಯಾನೊ, ಮೂರೇ. ಬಾಸ್‌ನವನ ಕೆಲಸವನ್ನೂ ವಿಲ್ಸನ್‌ನ ಎಡಗೈಯೇ ಮಾಡುತ್ತಿತ್ತು.