ಪಾಪೆ ಬೇರೆ, ಐರಿಸ್ ಬೇರೆ

‘ಪಾಪೆಗೆ ಸ್ಕ್ಯಾನಿಂಗ್ ಬರ್ದಿದಾರೆ’. ಶಿವಮೊಗ್ಗದ ಸ್ಕ್ಯಾನಿಂಗ್ ಸೆಂಟರುಗಳಲ್ಲಿ ಈ ಮಾತು ಕೇಳಿ ಕೇಳಿ ಸಾಕಾಗಿದೆ. ಪಾಪೆ ಕಣ್ಣಿನ ನಡುವಿನ ಬರೀ ತೂತು. ತೂತಿಗೆ ಗಡ್ಡೆಯಾಗುವುದಿಲ್ಲ, ಆಗುವುದೆಲ್ಲ ಸುತ್ತಲಿನ ಬಣ್ಣದ ಪರದೆಗೆ, ಅಂದರೆ ಐರಿಸ್‌ಗೆ.

ಪದದ್ದೇನೂ ತಪ್ಪಿಲ್ಲ. ಪಾಪೆ ಎಂದರೆ ಬೊಂಬೆ. ಪಾಪ, ಪಾಪು ಅದೇ ಬಳ್ಳಿಯವು. ಎದುರಿನವರ ಕಣ್ಣಿನ ಕಪ್ಪಿನಲ್ಲಿ ನಮ್ಮದೇ ರೂಪ ಬೊಂಬೆಯಷ್ಟಾಗಿ ಕಾಣುತ್ತದಲ್ಲ, ಅದಕ್ಕೇ ಆ ಹೆಸರು. ತಮಿಳಿನ ಪಾವೈಗೂ ಇವೆರಡೂ ಅರ್ಥಗಳಿವೆ. ಸಂಸ್ಕೃತದ ಕನೀನಿಕೆಯಲ್ಲಿ ಹುಡುಗಿ ಇದ್ದಾಳೆ, ಲ್ಯಾಟಿನ್ನಿನ ಪ್ಯೂಪಿಲ್ಲಾದಲ್ಲೂ ಪುಟ್ಟ ಹುಡುಗಿಯೇ. ತಮಾಷೆಯೆಂದರೆ, ಆ ಬೊಂಬೆಯನ್ನು ತೋರಿಸುವ ಕನ್ನಡಿ ಪಾಪೆಯಲ್ಲ, ಅದರ ಮುಂದಿನ ಪಾರದರ್ಶಕ ಪದರ, ಕಾರ್ನಿಯಾ.

‘ಕಣ್ಣಿನ ಸ್ಕ್ಯಾನಿಂಗ್’ ಎಂದಷ್ಟೇ ಹೇಳಿದರೂ ಎಡವಟ್ಟು. ಈ ಸ್ಕ್ಯಾನಿಂಗ್ ಶಬ್ದದ ಅಲೆಗಳದ್ದು. ಅದರಲ್ಲಿ ಮಾಮೂಲಿ ಬಿ-ಸ್ಕ್ಯಾನ್ ಸುಮಾರು 10 ಮೆಗಾಹರ್ಟ್ಸ್‌ನದು, ಕಣ್ಣಿನ ಹಿಂಭಾಗಕ್ಕೆ. ಐರಿಸ್‌ಗೆ ಬೇಕಾದದ್ದು ಯುಬಿಎಂ, ಅಲ್ಟ್ರಾಸೌಂಡ್ ಬಯೋಮೈಕ್ರೋಸ್ಕೋಪಿ: 35ರಿಂದ 50 ಮೆಗಾಹರ್ಟ್ಸ್. ಕಂಪನ ಹೆಚ್ಚಿದಷ್ಟೂ ಚಿತ್ರ ನವಿರು, ಆದರೆ ಶಬ್ದ ಬೇಗ ಇಂಗಿಹೋಗುತ್ತದೆ. 50ರಲ್ಲಿ 4–5 ಮಿ.ಮೀ. ಆಳವಷ್ಟೇ. ಐರಿಸ್‌ಗೆ ಅಷ್ಟು ಸಾಕು. ಅದರ ಬೆನ್ನಿನ ಕಪ್ಪು ಪದರ ಬೆಳಕನ್ನು ತಡೆಯುತ್ತದೆ, ಶಬ್ದವನ್ನಲ್ಲ. ಹಾಗಾಗಿ ಅಡಕತ್ತರಿಯಲ್ಲಿ ಸೀಳಿದ ಅಡಿಕೆಯಂತೆ ಅಡ್ಡಸೀಳು ಕಾಣುತ್ತದೆ.

ಅಂಗಾತ ಮಲಗಿಸಿ, ಮರಗಟ್ಟಿಸುವ ಡ್ರಾಪ್ಸ್ ಹಾಕಿ, ರೆಪ್ಪೆಗಳ ನಡುವೆ ಪ್ಲಾಸ್ಟಿಕ್ ಬಟ್ಟಲು ಕೂರಿಸಿ ಸಲೈನ್ ತುಂಬುತ್ತಾರೆ. ಶಬ್ದ ಕಳಿಸುವ ಪ್ರೋಬ್ ಆ ನೀರಲ್ಲಿರಬೇಕು, ಕಾರ್ನಿಯಾ ಮುಟ್ಟಬಾರದು, ತಗುಲಿದರೆ ಗೀರುತ್ತದೆ. ಗುಳ್ಳೆ ಉಳಿದರೆ ಅದರ ಹಿಂದೆಲ್ಲ ನೆರಳು. ಬಟ್ಟಲು ಒತ್ತಿದರೆ ಕಾರ್ನಿಯಾಕ್ಕೂ ಐರಿಸ್ ಬುಡಕ್ಕೂ ನಡುವಿನ ಕಿರಿದಾದ ಕೋನವೂ ಅಗಲವಾಗಿ ಕಂಡು ವರದಿಯೇ ಸುಳ್ಳಾದೀತು. ಪಾಪೆ ಹಿಗ್ಗಿಸುವ ಡ್ರಾಪ್ಸ್ ಮೊದಲೇ ಹಾಕಿಬಿಟ್ಟರೂ ಕೋನದ ಲೆಕ್ಕ ಕೆಡುತ್ತದೆ. ಕೋನವನ್ನು ಬೆಳಕಿನಲ್ಲೊಮ್ಮೆ, ಕತ್ತಲಲ್ಲೊಮ್ಮೆ ನೋಡಬೇಕು.

ಐರಿಸ್ ಮುಂದಕ್ಕೆ ಉಬ್ಬಿದ್ದರೆ ಪಾಪೆಯಲ್ಲಿ ಕಣ್ಣೊಳಗಿನ ದ್ರವದ ಹರಿವಿಗೆ ತಡೆ. ಐರಿಸ್‌ನಲ್ಲಿ ಲೇಸರ್ ತೂತು ಕೊರೆದರೆ ಉಬ್ಬು ಸಾಮಾನ್ಯವಾಗಿ ಇಳಿಯುತ್ತದೆ. ಕೊರೆದ ಮೇಲೂ ಕೋನ ಮುಚ್ಚಿಕೊಂಡೇ ಇದ್ದರೆ ಪ್ಲೇಟೋ ಐರಿಸ್ ಇದೆಯೇ ನೋಡಬೇಕು: ನಡುಭಾಗ ಚಪ್ಪಟೆ, ಬುಡವನ್ನು ಅದರ ಹಿಂದಿರುವ ಸಿಲಿಯರಿ ಎಂಬ ಭಾಗದ ಮಡಿಕೆಗಳು ಮುಂದಕ್ಕೆ ನೂಕಿರುತ್ತವೆ. ಇದನ್ನು ಯುಬಿಎಂನಷ್ಟು ಸ್ಪಷ್ಟವಾಗಿ ತೋರಿಸುವ ಸಾಧನ ಕಡಿಮೆ. ತೆಳು ಗೋಡೆ, ಒಳಗೆ ಖಾಲಿ ಕಪ್ಪು ಕಂಡರೆ ಸಿಸ್ಟ್, ಅಂದರೆ ದ್ರವ ತುಂಬಿದ ಚೀಲ. ಒಳಗೆಲ್ಲ ಪ್ರತಿಧ್ವನಿ ತುಂಬಿದ್ದರೆ ಗಟ್ಟಿ ಗಡ್ಡೆ, ಅದನ್ನು ಹಗುರವಾಗಿ ನೋಡುವಂತಿಲ್ಲ.

ಅಡಿಕೆ ಮರದಿಂದ ಕೊನೆ ಇಳಿಸುವಾಗ ಕಾಯಿ ಕಣ್ಣಿಗೆ ಬಡಿದು ಐರಿಸ್ ಬುಡ ಕಿತ್ತಿದ್ದರೆ, ಒಳಗೆ ರಕ್ತ ತುಂಬಿದ್ದರೂ ಯುಬಿಎಂ ಅದನ್ನು ತೋರಿಸಬಲ್ಲದು. ಕಣ್ಣೇ ಒಡೆದಿದ್ದರೆ ಮಾತ್ರ ಬಟ್ಟಲು ಇಡುವಂತೆಯೇ ಇಲ್ಲ, ಮೊದಲು ಹೊಲಿಗೆ.