ಬೆಂಡೆ ಗಿಡಕ್ಕೆ ಎಷ್ಟು ಜಾಗ ಬೇಕು?

ಮೊನ್ನೆ ಒಬ್ಬರ ಕೈತೋಟ ನೋಡಲು ಹೋಗಿದ್ದೆ. "ಗಿಡ ನನ್ನೆತ್ತರ ಬೆಳೆದಿದೆ ಸರ್, ಕಾಯಿ ಮಾತ್ರ ಇಲ್ಲ" ಅಂತ ಅವರಿಗೆ ಬೇಸರ. ನೋಡಿದರೆ ಮೂರಡಿ ಪಾತಿಯಲ್ಲಿ ಹದಿನೆಂಟು ಬೆಂಡೆ ಗಿಡ! ಕಾಂಡ ಪೆನ್ಸಿಲ್‌ನಷ್ಟು ಸಣ್ಣ. ಕೆಳಗಿನ ಎಲೆಗಳೆಲ್ಲ ಉದುರಿ, ತುದಿಯಲ್ಲಿ ಮಾತ್ರ ನಾಲ್ಕೆಲೆ. ಒಂದೆಲೆಯನ್ನು ಮಗುಚಿ ನೋಡಿದೆ. ಅಡಿಯಲ್ಲಿದ್ದ ಬಿಳಿ ನೊಣಗಳು ಹಿಟ್ಟು ಕೊಡವಿದ ಹಾಗೆ ಎದ್ದವು. ಯಾವ ಗೊಬ್ಬರ ಹಾಕಲಿ ಅಂತ ಕೇಳಿದರು. ಗೊಬ್ಬರಕ್ಕೆ ಕೊರತೆ ಇರಲಿಲ್ಲ, ಜಾಗಕ್ಕಿತ್ತು.

ಬೆಂಡೆಯ ಹೂವು ಬಿಡುವುದು ಎಲೆಯ ಬುಡದಲ್ಲಿ. ಎಲೆಗೆ ಬಿಸಿಲು ಬಿದ್ದರೆ ತಾನೇ ಕಾಯಿಗೆ ಬಲ? ಒತ್ತಾಗಿ ಹಾಕಿದರೆ ಗಿಡಗಳು ಬೆಳಕಿಗೆ ಪೈಪೋಟಿ ಮಾಡುತ್ತಾ ಸುಮ್ನೆ ಎತ್ತರಕ್ಕೆ ಹೋಗುತ್ತವೆ. ಗಾಳಿ ಆಡದ ಕಡೆ ಬಿಳಿ ನೊಣ ಸೇರಿದರೆ ಗೊತ್ತೂ ಆಗುವುದಿಲ್ಲ. ಹಳದಿ ನಂಜು ರೋಗ ಹರಡುವುದು ಅದೇ ನೊಣ.

ಸಾಲಿನಿಂದ ಸಾಲಿಗೆ 60 ಸೆಂ.ಮೀ., ಗಿಡದಿಂದ ಗಿಡಕ್ಕೆ 30 ಸೆಂ.ಮೀ. ಬಿಡಿ. ಟೇಪು ಬೇಡ. ಒಂದು ಗೇಣು, ಮೇಲೆ ನಾಲ್ಕು ಬೆರಳು ಇಟ್ಟರೆ ಹತ್ತಿರ ಹತ್ತಿರ ಒಂದಡಿ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಅನಾಮಿಕಾ ತಳಿಗೆ ಇಷ್ಟು ಸಾಕು. ಕರಾವಳಿಯ ಹಾಲು ಬೆಂಡೆ ಹಾಕುವವರು ಮಾತ್ರ ಕೈ ಬಿಗಿ ಹಿಡಿಯಬೇಡಿ. ಅದು ಆಳೆತ್ತರ ದಾಟುವ ಗಿಡ. ಎರಡಡಿಗೆ ಒಂದರಂತೆ ಹಾಕಿ. ಟೆರೇಸಿನಲ್ಲಾದರೆ ಒಂದಡಿ ಅಗಲದ ಗ್ರೋ ಬ್ಯಾಗಿಗೆ ಒಂದೇ ಗಿಡ.

ಬೀಜ ರಾತ್ರಿ ನೆನೆಸಿಟ್ಟು, ಬೆಳಿಗ್ಗೆ ಬೆರಳಿನ ಒಂದು ಗೆಣ್ಣಿನಷ್ಟು ಆಳಕ್ಕೆ ಗುಣಿಗೆ ಎರಡರಂತೆ ಊರಿ. ನೇರವಾಗಿ ಮಡಿಯಲ್ಲೇ ಊರಿ. ಬೆಂಡೆಗೆ ತಾಯಿಬೇರು ಉದ್ದ, ಕಿತ್ತು ನೆಟ್ಟರೆ ಸೊರಗುತ್ತದೆ. ಮಣ್ಣು ಬೆಚ್ಚಗಿದ್ದರೆ ವಾರದೊಳಗೆ ಮೊಳಕೆ ಕಾಣುತ್ತದೆ. ಡಿಸೆಂಬರ್ ಚಳಿಯಲ್ಲಿ ಬಿತ್ತಿದರೆ ತಡವಾಗುತ್ತದೆ, ಎಷ್ಟೋ ಬೀಜ ಮಣ್ಣಲ್ಲೇ ಕೊಳೆಯುತ್ತವೆ.

ಇನ್ನು ಎಲ್ಲರೂ ತಪ್ಪುವ ಜಾಗ. ಎರಡು ಬೀಜವೂ ಹುಟ್ಟಿದರೆ ಒಂದನ್ನು ತೆಗೆಯಲೇಬೇಕು. ಮೂರ್ನಾಲ್ಕು ಎಲೆ ಬಂದ ಮೇಲೆ ಸಣಕಲಾದ್ದನ್ನು ಕತ್ತರಿಯಿಂದ ಬುಡಕ್ಕೆ ಕತ್ತರಿಸಿ. ಕಿತ್ತರೆ ಪಕ್ಕದ್ದರ ಬೇರೂ ಅಲುಗುತ್ತದೆ. ಹಸಿರಾಗಿ ನಿಂತ ಸಸಿಯನ್ನು ಕತ್ತರಿಸಲು ಮನಸ್ಸು ಬರುವುದಿಲ್ಲ, ಅಲ್ವಾ? ನನಗೂ ಬರುತ್ತಿರಲಿಲ್ಲ. ಆದರೆ ಎರಡನ್ನೂ ಉಳಿಸಿದ ಗುಣಿಯಲ್ಲಿ ಎರಡೂ ಬಡಕಲಾಗುವುದನ್ನು ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ.

ಆ ಮನೆಯವರು ಹೊಸದಾಗಿ ಬಿತ್ತಿ, ಅದೇ ಪಾತಿಯಲ್ಲಿ ಮೂರೇ ಗಿಡ ಉಳಿಸಿದರು. ನಲವತ್ತೈದು ದಿನಕ್ಕೆ ಹಳದಿ ಹೂವು, ನಡುವೆ ಕಡುಗೆಂಪು ಕಣ್ಣು. ಹೂವಾದ ಐದಾರು ದಿನಕ್ಕೆ ಕಾಯಿ ಕೊಯ್ಲಿಗೆ ಬಂತು. ದಿನ ಬಿಟ್ಟು ದಿನ ಕೊಯ್ಯಲು ಹೇಳಿದ್ದೆ. ಕಾಯಿಯ ತುದಿ ಬಗ್ಗಿಸಿದರೆ ಟಕ್ಕೆಂದು ಮುರಿಯಬೇಕು, ಬಗ್ಗಿದರೆ ಬಲಿತಿದೆ ಅಂತ. ಈ ಸಲ ಗಿಡಗಳ ನಡುವೆ ಕೈ ಸಲೀಸಾಗಿ ಹೋಗುತ್ತಿತ್ತು. ಬೆಂಡೆಯ ಸುಂಕಿಗೆ ಮುಂಗೈ ತುರಿಸುವುದೂ ಕಡಿಮೆಯಾಯಿತು ಅಂದರು.